ಸೊಂಟನೋವಿಗೆ ‘ಯೋಗ ಥೆರಪಿ’ ಪ್ಯಾಕೇಜ್ ತಗೊಳ್ಳೋ ಮುಂಚೆ ಇದನ್ನು ಓದಿ

ಪುಣೆಯಲ್ಲಿರುವ ನಮ್ಮ ಕನ್ನಡದವರಿಗಾಗಿ ಬರೆಯುತ್ತಿದ್ದೇನೆ. ಕೋಥ್ರೂಡ್ ಕಡೆಯ ಒಂದು ‘ಯೋಗ ಥೆರಪಿ ಸೆಂಟರ್’ಗೆ ಹೋಗಿ ನಮ್ಮನೆಯವರ ಸೊಂಟ ಇನ್ನಷ್ಟು ಕೆಟ್ಟಿತು. ಹೆಸರು ಹಾಕುವುದಿಲ್ಲ. ಅಂಥವು ಊರ ತುಂಬ ಇವೆ.

ಅವರಿಗೆ ಹಳೆಯ ಸೊಂಟನೋವು. ಬೆನ್ನುಮೂಳೆಯ ಕೆಳಭಾಗದ ಎಲ್-4, ಎಲ್-5 ಮೂಳೆಗಳ ನಡುವಿನ ಡಿಸ್ಕ್ (ಮೆತ್ತೆ) ಉಬ್ಬಿದೆ ಅಂತ ಎಂಆರ್‌ಐ ರಿಪೋರ್ಟ್ ಇತ್ತು. ಫಿಸಿಯೋಥೆರಪಿಯಿಂದ ನಿಧಾನಕ್ಕೆ ಗುಣ ಕಾಣುತ್ತಿತ್ತು. ಅಷ್ಟರಲ್ಲಿ ‘21 ದಿನದಲ್ಲಿ ನೋವು ಮಾಯ’ ಅನ್ನೋ ಬೋರ್ಡ್ ಕಣ್ಣಿಗೆ ಬಿತ್ತು. ಮೂರು ತಿಂಗಳ ಫೀಸು ಮೊದಲೇ ಕಟ್ಟಬೇಕು. ಕಟ್ಟಿದೆವು. ರಿಪೋರ್ಟ್ ಕೊಟ್ಟರೆ ಅವರು ಕವರಿನಿಂದ ಹೊರಗೇ ತೆಗೆಯಲಿಲ್ಲ. “ಇದನ್ನೆಲ್ಲ ನೋಡಿದರೆ ಭಯ ಜಾಸ್ತಿ ಆಗುತ್ತೆ ಸರ್, ಬಿಡಿ” ಅಂದರು.

ಕ್ಲಾಸಿನಲ್ಲಿ ತೂಕ ಇಳಿಸಲು ಬಂದವರು, ಕಾಲೇಜು ಹುಡುಗರು, ಇವರು, ಎಲ್ಲರಿಗೂ ಒಂದೇ ಆಸನ. ಕಾಲು ಚಾಚಿ ಕೂತು ಮುಂದೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಇವರು ಅರ್ಧಕ್ಕೇ ನಿಂತಾಗ ಟೀಚರ್ ಹಿಂದಿನಿಂದ ಬಂದು ಬೆನ್ನು ಒತ್ತಿದರು. “ಆಣಖೀ ಥೋಡಂ ಸರ್, ಆಣಖೀ ಥೋಡಂ!” (ಇನ್ನೂ ಸ್ವಲ್ಪ ಸರ್, ಇನ್ನೂ ಸ್ವಲ್ಪ). ನಮ್ಮವರು ಬೇಡ ಅನ್ನುವ ಪೈಕಿ ಅಲ್ಲ. ಕುಂಡೆಯಿಂದ ಹೆಬ್ಬೆರಳಿನವರೆಗೆ ಕರೆಂಟ್ ಹೊಡೆದ ಹಾಗಾಯಿತಂತೆ. ಹೇಳಿದರೆ, “ಇದು ಹೀಲಿಂಗ್ ಪೇನ್, ಮಾತ್ರೆ ನಿಲ್ಲಿಸಿ, ಫಿಸಿಯೋನೂ ಬಿಡಿ” ಅನ್ನೋ ಉಪದೇಶ. ಆಮೇಲೆ ಒಂದು ದಿನ ಮೆಟ್ಟಿಲಿಳಿಯುವಾಗ ಕಾಲಿನಿಂದ ಚಪ್ಪಲಿ ಜಾರಿದ್ದೇ ಇವರಿಗೆ ಗೊತ್ತಾಗಲಿಲ್ಲ. ಅವತ್ತೇ ಆರ್ಥೋ ಡಾಕ್ಟರ ಹತ್ತಿರ ಓಡಿದೆವು. ಕಾಲು ಚಾಚಿ ಕೂತು ಮುಂದೆ ಬಾಗಿದಾಗ ಡಿಸ್ಕ್ ಮೇಲೆ ಒತ್ತಡ ಹೆಚ್ಚುತ್ತದೆ, ಉಬ್ಬಿದ ಭಾಗ ನರಕ್ಕೆ ತಾಗಬಹುದು, ಮೇಲಿಂದ ಕೈ ಬೇರೆ ಒತ್ತಿದ್ದಾರೆ ಅಂತ ಡಾಕ್ಟರು ಬೈದರು. ಆಪರೇಷನ್ ಬೇಕಾಗಲಿಲ್ಲ, ಪುಣ್ಯ.

ಯೋಗವನ್ನೇ ದೂರುತ್ತಿಲ್ಲ, ತಪ್ಪು ತಿಳಿಯಬೇಡಿ. ಹಳೆಯ ಸೊಂಟನೋವಿಗೆ ಮಾತ್ರೆಗಿಂತ ಮೊದಲು ವ್ಯಾಯಾಮ, ಯೋಗದಂಥದ್ದನ್ನು ನೋಡಿ ಅಂತ ಅಮೆರಿಕದ ವೈದ್ಯರ ಸಂಘವೇ 2017ರಲ್ಲಿ ಹೇಳಿದೆ. ಅದೇ ವರ್ಷ ಬಂದ ಬೋಸ್ಟನ್ನಿನ ಒಂದು ಅಧ್ಯಯನದಲ್ಲಿ 320 ಜನರಿದ್ದರು. ಯೋಗ ಫಿಸಿಯೋಥೆರಪಿಗೆ ಕಡಿಮೆ ಇಲ್ಲ ಅಂತ ಕಂಡಿತು. ಆದರೆ ಆ ಯೋಗಕ್ರಮ ಸೊಂಟನೋವಿನವರಿಗೆಂದೇ ರೂಪಿಸಿದ್ದು. ನಮ್ಮ ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿ 1937ರಲ್ಲಿ ಇದೇ ಪುಣೆಗೆ ಬಂದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಬೆಲ್ಟು, ಕುರ್ಚಿ, ಹಗ್ಗ ಬಳಸಿ ಆಸನವನ್ನು ಮೈಗೆ ಹೊಂದಿಸುತ್ತಿದ್ದರು. ಈ ಸೆಂಟರಿನ ಗೋಡೆ ಮೇಲೆ ಅವರ ಫೋಟೋ ಇತ್ತು, ಅಷ್ಟೇ ಸಂಬಂಧ. ಒಂದು ಬೆಲ್ಟೂ ಇರಲಿಲ್ಲ.

ಹಾಗಾಗಿ ಸೇರುವ ಮುಂಚೆ ಒಂದು ದಿನ ಸುಮ್ನೆ ಕೂತು ಕ್ಲಾಸ್ ನೋಡಿ. ರಿಪೋರ್ಟ್ ಓದದವರು, ನೋವು ಅಂದ ಮೇಲೂ ಒತ್ತುವವರು, ಡಾಕ್ಟರ ಔಷಧಿ ಬಿಡಿ ಅನ್ನುವವರು ಸಿಕ್ಕರೆ ಎದ್ದು ಬನ್ನಿ. ತಿಂಗಳ ಲೆಕ್ಕದಲ್ಲಿ ಫೀಸು ತಗೊಳ್ಳೋರೇ ವಾಸಿ. ಪಾದದ ಶಕ್ತಿ ಕುಗ್ಗಿದರೆ, ತೊಡೆಗಳ ನಡುವೆ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ.

ದುಡ್ಡು ವಾಪಸ್ ಕೇಳಿದ್ದಕ್ಕೆ “ಬಾಕಿ ತಿಂಗಳು ಮೇಡಂ ಬರಬಹುದು” ಅಂದರು. ನನ್ನ ಸೊಂಟ ಸದ್ಯ ಚೆನ್ನಾಗಿದೆ, ಅದನ್ನೂ ಅವರ ಕೈಗೆ ಕೊಡಲಾ? ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇವೆ. ರಸೀದಿ ಇದ್ದರೆ ನೀವೂ ಕೊಡಬಹುದು.