ಬನ್ನೇರುಘಟ್ಟದ ಕ್ಯಾಪುಚಿನ್ ಮಂಗಗಳನ್ನು ಅಮ್ಮನ ಜೊತೆ ನೋಡಿ ಬಂದೆ

ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಈ ಸಲ ಹೋಗಿದ್ದು ಕ್ಯಾಪುಚಿನ್ ಮಂಗಗಳಿಗಾಗಿಯೇ. 2025ರ ಜುಲೈನಲ್ಲಿ ದಕ್ಷಿಣ ಆಫ್ರಿಕಾದಿಂದ ಎಂಟು ಬಂದಿವೆ, ನಾಲ್ಕು ಗಂಡು, ನಾಲ್ಕು ಹೆಣ್ಣು ಅಂತ ಪೇಪರಿನಲ್ಲಿ ಓದಿದ್ದೆ. ವಿಮಾನ ಹತ್ತಿದ್ದು ಆಫ್ರಿಕಾದಲ್ಲಾದರೂ ಇವುಗಳ ಮೂಲ ದಕ್ಷಿಣ ಅಮೆರಿಕದ ಕಾಡು.

ಪುತ್ತೂರಿನಿಂದ ಅಮ್ಮ ಬಂದಿದ್ದಳು. ಮಂಗಳವಾರ ರಜೆ, ಹಾಗಾಗಿ ಬುಧವಾರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ 365 ಬಸ್ ಹತ್ತಿದೆವು. ಜನ ಕಡಿಮೆ ಇದ್ದರು.

ತಲೆ ಮೇಲೆ ಕಪ್ಪು ಟೋಪಿ ಇಟ್ಟ ಹಾಗೆ ಕೂದಲು. "ನಮ್ಮ ಮಂಗನಿಗೂ ಟೋಪಿ ಉಂಟಲ್ಲ?" ಅಂದಳು ಅಮ್ಮ. ಸರಿಯೇ. ಆದರೆ ಮೂಗು ನೋಡಿ. ನಮ್ಮ ಮಂಗನ ಹೊಳ್ಳೆ ಕೆಳಕ್ಕೆ ತೆರೆದಿರುತ್ತದೆ, ಇವುಗಳದ್ದು ಪಕ್ಕಕ್ಕೆ. ಇನ್ನು ಬಾಲ! ಒಂದು ಮಂಗ ಬಾಲವನ್ನು ಕೊಂಬೆಗೆ ಸುತ್ತಿಕೊಂಡು, ಎರಡೂ ಕೈಯಲ್ಲಿ ಏನನ್ನೋ ಹಿಡಿದು ಮರಕ್ಕೆ ಟಕ್ ಟಕ್ ಅಂತ ಕುಟ್ಟುತ್ತಿತ್ತು. ಕುಟ್ಟುವುದು, ಮೂಸುವುದು, ಮತ್ತೆ ಕುಟ್ಟುವುದು. "ಎಂತ ಮಾರಾಯ್ತಿ, ಬಾಲವೂ ಒಂದು ಕೈಯೇ ಇದಕ್ಕೆ!"

ಆಗ ಅಮ್ಮನಿಗೆ ಬ್ರೆಜಿಲ್‌ನ ಕಥೆ ಹೇಳಿದೆ. ಅಲ್ಲಿ ಇವುಗಳ ಹತ್ತಿರದ ಸಂಬಂಧಿ, ಗಡ್ಡದ ಕ್ಯಾಪುಚಿನ್, ಕಲ್ಲಿನಿಂದ ಗೇರುಬೀಜ ಒಡೆದು ತಿನ್ನುತ್ತದೆ. ಮಣ್ಣು ಅಗೆದು ನೋಡಿದವರಿಗೆ ಸುಮಾರು 3000 ವರ್ಷ ಹಿಂದೆ ಅವು ಬಳಸಿದ ಕಲ್ಲುಗಳೂ ಸಿಕ್ಕಿವೆ. ಗೇರುಮರವೂ ಆ ಕಡೆಯದೇ ಅಲ್ವಾ, ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ಅಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ಹಸಿ ಬೀಜದ ಸೊನೆ ತಾಗಿ ಚರ್ಮ ಸುಲಿದದ್ದು ಅವಳಿಗೆ ಚೆನ್ನಾಗಿ ನೆನಪಿದೆ. "ಪಾಪ, ಅವಕ್ಕೆ ಕೈ ಉರಿಯುವುದಿಲ್ವಾ?" ಎಂದು ಕೇಳಿದಳು.

ಪಕ್ಕದಲ್ಲಿದ್ದವರೊಬ್ಬರು ಬಿಸ್ಕತ್ ಎಸೆಯಲು ಹೊರಟರು. "ಬೇಡ ಅಣ್ಣ, ಹೊಟ್ಟೆ ಹಾಳಾಗ್ತದೆ ಅದಕ್ಕೆ" ಎಂದು ಅಮ್ಮ ತಡೆದಳು. ಅವರು ಪೊಟ್ಟಣ ಒಳಗಿಟ್ಟರು. ದಯವಿಟ್ಟು ಯಾರೂ ಏನೂ ಎಸೆಯಬೇಡಿ.

ಹೋಗುವವರು ಬೆಳಿಗ್ಗೆಯೇ ಹೋಗಿ. ಫೋಟೋ ತೆಗೆದು ಮುಂದೆ ಹೋದರೆ ಏನೂ ಕಾಣುವುದಿಲ್ಲ. ಸುಮ್ನೆ ಅರ್ಧ ಗಂಟೆ ನಿಲ್ಲಿ. ಯಾರು ಯಾರ ಮೈ ಹೆಕ್ಕುತ್ತಾರೆ, ಯಾರು ಬಂದರೆ ಯಾರು ಜಾಗ ಬಿಡುತ್ತಾರೆ, ಎಲ್ಲ ಮೆಲ್ಲಗೆ ಗೊತ್ತಾಗುತ್ತದೆ.

ಸಫಾರಿಗೆ ಹೋಗೋಣ್ವಾ ಎಂದು ಕೇಳಿದೆ. "ನೀನು ಹೋಗಿ ಬಾ, ನಾನು ಇಲ್ಲೇ ಇರ್ತೇನೆ" ಅಂದಳು ಅಮ್ಮ. ನಾನೂ ಹೋಗಲಿಲ್ಲ.