ಮೆಟ್ಟಿಲಿನ ಗೇಟ್: ಒತ್ತಿ ನಿಲ್ಲಿಸುವುದಾ, ಸ್ಕ್ರೂ ಹಾಕಿಸುವುದಾ?

ಮಗು ಅಂಬೆಗಾಲಿಡಲು ಶುರು ಮಾಡಿದರೆ ಮೆಟ್ಟಿಲಿನ ಭಯವೂ ಶುರು, ಅಲ್ವಾ? ಅಂಗಡಿಯಲ್ಲಿ ಮುಖ್ಯವಾಗಿ ಎರಡು ಬಗೆಯ ಗೇಟ್ ಸಿಗುತ್ತವೆ.

ಒಂದು, ಎರಡೂ ಬದಿಯ ಗೋಡೆಗೆ ಒತ್ತಿ ಬಿಗಿ ಮಾಡುವುದು. ಡ್ರಿಲ್ ಬೇಡ, ಬಾಡಿಗೆ ಮನೆಗೆ ಅನುಕೂಲ. ಆದರೆ ಇದನ್ನು ಮೆಟ್ಟಿಲಿನ ಬುಡಕ್ಕೆ ಅಥವಾ ಅಡುಗೆಮನೆ ಬಾಗಿಲಿಗೆ ಮಾತ್ರ ಹಾಕಿ. ಮಗು ಜೋರಾಗಿ ತಳ್ಳಿದರೆ ಜಾರಬಹುದು. ಕೆಳಗೆ ಅಡ್ಡಪಟ್ಟಿಯೂ ಇರುತ್ತದೆ. ಮೇಲ್ತುದಿಯಲ್ಲಿ ಹಾಕಿದರೆ, ಮಗುವನ್ನು ಎತ್ತಿಕೊಂಡು ಇಳಿಯುವಾಗ ಅದಕ್ಕೆ ಎಡವಿ ಇಬ್ಬರೂ ಉರುಳಬಹುದು.

ಹಾಗಾಗಿ ಮೇಲ್ತುದಿಗೆ ಸ್ಕ್ರೂ ಹಾಕಿ ಕೂರಿಸುವ ಗೇಟೇ ಬೇಕು. ಇದರಲ್ಲಿ ರಾಜಿ ಬೇಡ. ಅದು ಮೆಟ್ಟಿಲಿನ ಕಡೆಗಲ್ಲ, ಒಳಗಡೆಗೆ ತೆರೆಯಬೇಕು. ಗೋಡೆಗೆ ನಾಲ್ಕು ತೂತು ಬೀಳುತ್ತವೆ, ಬೀಳಲಿ. ಡೂಪ್ಲೆಕ್ಸ್ ಮನೆಯಲ್ಲಿ ಒಂದು ಬದಿಗೆ ಸ್ಟೀಲ್ ಕಂಬ ಇದ್ದರೆ, ಅದಕ್ಕೆ ಹಿಡಿಸುವ ಕ್ಲ್ಯಾಂಪ್ ಕೇಳಿ ತೆಗೆದುಕೊಳ್ಳಿ.

ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವುದಾದರೆ ಕಂಬಿಗಳು ನೆಟ್ಟಗೆ ನಿಂತಿರಲಿ. ಅಡ್ಡ ಕಂಬಿ ಹಾಕಿಸಿದರೆ ಮಗುವಿಗೆ ಏಣಿ ಕೊಟ್ಟಂತೆ. ಸಂದು 6 ಸೆಂಟಿಮೀಟರ್ ಮೀರದಿರಲಿ, ತಲೆ ಸಿಕ್ಕಿಕೊಳ್ಳಬಾರದು.

ಈ ಗೇಟುಗಳು ಸಾಮಾನ್ಯವಾಗಿ 2 ವರ್ಷದವರೆಗಿನ ಮಕ್ಕಳಿಗೆ. ಮಗು ಗೇಟ್ ಹತ್ತಲು ಕಲಿತರೆ ತೆಗೆದುಬಿಡಿ. ಅದರ ಮೇಲಿಂದ ಬಿದ್ದರೆ ಏಟು ಇನ್ನೂ ಜಾಸ್ತಿ.