ಪಿಡಿಎಫ್ ಅನ್ನು ವರ್ಡ್ ಮಾಡಲು ದುಡ್ಡು ಕೊಡ್ತೀರಾ? ಮೊದಲು ಇದನ್ನೊಂದು ಓದಿ

ಬದಿಯಡ್ಕದ ಹತ್ತಿರ ನಮ್ಮ ಶಾಲೆಯ ಶತಮಾನೋತ್ಸವ. ಸ್ಮರಣ ಸಂಚಿಕೆಯ ಕೆಲಸ ನನ್ನ ತಲೆಗೆ ಬಂತು. 75ನೇ ವರ್ಷದ ಸಂಚಿಕೆಯ ಲೇಖನಗಳನ್ನೂ ದಾನಿಗಳ ಪಟ್ಟಿಯನ್ನೂ ಮತ್ತೆ ಹಾಕಬೇಕಿತ್ತು. ಆಗ ಪುಟ ಜೋಡಿಸಿದ ಪೇಜ್‌ಮೇಕರ್ ಫೈಲ್ ಯಾರಲ್ಲೂ ಇಲ್ಲ, ಡಿಟಿಪಿ ಅಂಗಡಿಯೂ ಮುಚ್ಚಿ ಹೋಗಿದೆ. ಒಂದು ಸಿಡಿಯಲ್ಲಿ 112 ಪುಟದ ಪಿಡಿಎಫ್ ಮಾತ್ರ ಸಿಕ್ಕಿತು.

ಪಿಡಿಎಫ್ ಅನ್ನು ವರ್ಡ್ ಮಾಡುವ ಒಂದು ಸಾಫ್ಟ್‌ವೇರ್ ಇಳಿಸಿಕೊಂಡೆ. ಟ್ರಯಲ್‌ನಲ್ಲಿ ಮೊದಲ ಮೂರೇ ಪುಟ. ಚಂದ ಬಂತು ಮಾರಾಯ್ರೇ, ಒಂದು ಕಾಮಾ ಕೂಡ ತಪ್ಪಿರಲಿಲ್ಲ. 2,900 ರೂಪಾಯಿ ಕಟ್ಟಿದೆ. ಆ ಮೂರು ಪುಟ ಇಂಗ್ಲಿಷ್ ಶುಭಾಶಯಗಳು ಅನ್ನುವುದು ನನಗೆ ಹೊಳೆದದ್ದು ಆಮೇಲೆ. ನಾಲ್ಕನೇ ಪುಟದಿಂದ ಕನ್ನಡವೂ ಇಲ್ಲ, ನಡುವೆ ಇದ್ದ ಮಲಯಾಳಂ ಸಂದೇಶವೂ ಇಲ್ಲ, ಬರೀ ತಲೆ ಮೇಲೆ ಟೊಪ್ಪಿ ಇಟ್ಟ ಇಂಗ್ಲಿಷ್ ಅಕ್ಷರಗಳು.

ಕಂಪನಿಗೆ ಮೇಲ್ ಮಾಡಿದರೆ ಫಾಂಟ್ ಹಾಕಿಕೊಳ್ಳಿ ಎಂದರು. ನುಡಿ ಫಾಂಟ್ ಹಾಕಿದೆ, ಕೆಲವು ಪುಟ ಸರಿಯಾಗಿ ಕಂಡಿತು. ಖುಷಿಯಲ್ಲಿ ಆ ಸಾಲುಗಳನ್ನು ಟೀಚರಿಗೆ ವಾಟ್ಸಾಪ್ ಮಾಡಿದರೆ ಅವರ ಫೋನಿನಲ್ಲಿ ಮತ್ತದೇ ಟೊಪ್ಪಿ!

ವಿಷಯ ಇಷ್ಟೇ. ಇಂಥ ಆಕಾರವನ್ನು ಪುಟದ ಇಂಥ ಜಾಗದಲ್ಲಿ ಇಡು ಎಂಬ ಲೆಕ್ಕವೇ ಪಿಡಿಎಫ್ ಒಳಗೆ ಮುಖ್ಯ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕನ್ನಡದ ತುಂಡುಗಳು ಕೂತಿರುವುದು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ, ಪ್ರತಿ ಲಿಪಿಗೂ ಅದರದ್ದೇ ಮನೆ ಕೊಡುವ ಯುನಿಕೋಡ್‌ನಲ್ಲಿ ಅಲ್ಲ. ಫಾಂಟ್ ಬಿಟ್ಟುಹೋದರೆ ಮನೆಯ ಯಜಮಾನ ಹೊರಗೆ ಬರುತ್ತಾನೆ. ಯುನಿಕೋಡ್‌ನಲ್ಲೇ ಮಾಡಿದ ಪಿಡಿಎಫ್ ಆದರೂ ಒತ್ತಕ್ಷರ, ಕೊಂಬು ಅತ್ತಿತ್ತ ಆಗುವುದುಂಟು.

ಹಾಗಾಗಿ ದುಡ್ಡು ಕಟ್ಟುವ ಮೊದಲು ಕನ್ನಡದ ಒಂದು ಸಾಲು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ. ಅಲ್ಲಿ ಟೊಪ್ಪಿ ಬಂದರೆ ವರ್ಡ್‌ನಲ್ಲೂ ಹೆಚ್ಚುಕಡಿಮೆ ಅದೇ ಬರುವುದು. ನುಡಿಯ ಅಕ್ಷರ ಎಂದು ಗೊತ್ತಾದರೆ ಅದನ್ನು ಯುನಿಕೋಡ್ ಮಾಡುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಸಾಲು ಸೆಲೆಕ್ಟ್ ಆಗುವುದೇ ಇಲ್ಲ ಅಂದರೆ ಅದು ಬಹುಶಃ ಸ್ಕ್ಯಾನ್ ಚಿತ್ರ, ಚಿತ್ರದಲ್ಲಿರುವ ಅಕ್ಷರ ಓದಿ ಟೈಪ್ ಮಾಡಿದಂತೆ ಕೊಡುವ ಒಸಿಆರ್ ಬೇಕು. ನಾನು ಕೊಂಡದ್ದರಲ್ಲಿ ಒಸಿಆರ್ ಇತ್ತು, ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಟ್ರಯಲ್‌ನಲ್ಲೇ ಆ ಪಟ್ಟಿ ತೆರೆದು ನೋಡಬಹುದಿತ್ತು, ನೋಡಲಿಲ್ಲ. ತಪ್ಪು ನನ್ನದೂ ಇದೆ.

ಕೊನೆಗೆ ಪಿಡಿಎಫ್ ಅನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದೆ, ಸ್ವಲ್ಪ ಸ್ವಲ್ಪ ಪುಟ ಮಾಡಿಕೊಂಡು. ಲೇಖನಗಳು ಪರವಾಗಿಲ್ಲ, ತಿದ್ದಿದರೆ ಸಾಕು. ದಾನಿಗಳ ಪಟ್ಟಿಯೇ ಅಪಾಯ: ಹೆಸರು ಒಂದು ಕಡೆ, ಮೊತ್ತ ಇನ್ನೊಂದು ಕಡೆ, ಪದ್ಮನಾಭ ಹೋಗಿ ಪದನಾಭ. ಪ್ರೂಫ್ ನೋಡಲು ಬಂದ ಅಜ್ಜನೊಬ್ಬರು ಕನ್ನಡಕ ಸರಿಮಾಡಿಕೊಂಡು, "ನಾನು ಕೊಟ್ಟದ್ದು ಐದು ಸಾವಿರ, ಇಲ್ಲಿ ಐನೂರು ಉಂಟಲ್ಲ?" ಎಂದರು. ಆ ಎಂಟು ಪುಟವನ್ನು ಹಳೆ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಕೈಯಲ್ಲೇ ಟೈಪ್ ಮಾಡಿದೆವು. ಎರಡು ಸಂಜೆ ಹಿಡಿಯಿತು.

ಸಾಫ್ಟ್‌ವೇರಿನವರು ದುಡ್ಡು ವಾಪಸ್ ಕೊಟ್ಟಿಲ್ಲ. ರಿನ್ಯೂ ಮಾಡಿ ಎಂಬ ಮೇಲ್ ಮಾತ್ರ ತಪ್ಪದೆ ಬರುತ್ತಿದೆ.